ಹಿಮಾಂಗಣದ ರಾಣಿ ಸೋನ್ಯಾ ಹೇನಿ

ಶಾಲೆಯ ಆಟೋಟಗಳ ದಿನವು ಮುಗಿದೊಡನೆ ಹೆತ್ತವರೂ ಉಪಾಧ್ಯಾಯಿನಿಯರೂ ಕೂಡಿ ಮಾತನಾಡುವ ವಿಷಯವೊಂದುಂಟು. ಕೆಳಗಿನ ತರಗತಿಗಳ ಬಾಲಿಕೆಯರಲ್ಲಿ ಮುಂದೆ ಹೆಸರುವಾಸಿಯಾಗತಕ್ಕವಳು ಯಾರು, ಈ ವರ್ಷ ಮೊದಲನೆಯವಳಾದವಳು ದೊಡ್ಡವಳಾದ ಮೇಲೂ ಮೊದಲನೆಯವಳಾಗಿಯೇ ಇರುವಳೇ, ಕೊನೆಗೆ ಬಂದವಳ ವಿಷಯದಲ್ಲಿ ನಿರೀಕ್ಷೆಗೆ ಎಡೆಯುಂಟೇ ಎಂಬಿವೇ ಆ ಮಾತುಗಳು. ಇಂಥ ಎಣಿಕೆಗಳು ಎಲ್ಲಿ ನಿಜವಾಗುತ್ತವೆ, ಎಲ್ಲಿ ತಪ್ಪುತ್ತವೆ ಎಂಬುದನ್ನು ನೋಡುವುದಕ್ಕೆ ನಾರ್ವೆ ದೇಶದ ಸೋನ್ಯಾ ಹೇನಿ ಎಂಬಾಕೆಯ ಚರಿತ್ರೆಯು ಬಹಳ ತಕ್ಕುದಾಗಿದೆ. ಆಕೆಯು ಮಂಜುಗಡ್ಡೆಯ ಮೇಲಣ ಜಾರಾಟದಲ್ಲಿ, ಅಂದರೆ ಫಿಗರ್ ಸ್ಕೇಟಿಂಗಿನಲ್ಲಿ, ಹತ್ತು ವರ್ಷ ಲೋಕಕ್ಕೆ ರಾಣಿಯಾಗಿದ್ದಳು. ಆಕೆಯ ಬೆನ್ನ ಹಿಂದೆಯೇ ಬೆಳೆದು ಬಂದ ಬೇರೆ ಬಾಲಿಕೆಯರ ಕಥೆಯೂ ಈ ಚರಿತ್ರೆಯೊಳಗೆ ಹೆಣೆದುಕೊಂಡಿರುವುದರಿಂದ ಅವರನ್ನೂ ಬಿಡದೆ ಹೇಳಬೇಕಾಗಿದೆ.

ಗುತ್ತಿಗಾರಿನ ಕಡೆಯ ನಮ್ಮ ಬಾಲಿಕೆಯರು ಮಂಜುಗಡ್ಡೆಯನ್ನು ಕಂಡಿರುವುದು ಹೆಚ್ಚೆಂದರೆ ಪೇಟೆಯ ಶರಬತ್ತಿನ ಅಂಗಡಿಯಲ್ಲಿ. ಆದರೆ ಜಾರುವುದೆಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ತೋಟದಲ್ಲಿ ಬಿದ್ದ ಅಡಿಕೆಯ ಹಾಳೆಯ ಮೇಲೆ ತಮ್ಮನನ್ನೋ ತಂಗಿಯನ್ನೋ ಕುಳ್ಳಿರಿಸಿ ಎಳೆಯದ ಅಕ್ಕಂದಿರು ಈ ಊರಲ್ಲಿ ವಿರಳ. ಆಟಿ ತಿಂಗಳ ಮಳೆಗೆ ಪಾಚಿ ಹಿಡಿದ ಅಂಗಳವನ್ನು ದಾಟುವಾಗ ಹೆಬ್ಬೆರಳನ್ನು ಊರಿ ಮೈಯ ತೂಕವನ್ನು ಸರಿದೂಗಿಸುವ ವಿದ್ಯೆಯೂ ಎಲ್ಲರಿಗೆ ಬರುತ್ತದೆ. ನಾರ್ವೆಯಲ್ಲಿ ಚಳಿಗಾಲಕ್ಕೆ ಕೆರೆಗಳ ನೀರು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬೂಟಿನ ಅಡಿಗೆ ಉಕ್ಕಿನ ತೆಳ್ಳನೆಯ ಅಲಗನ್ನು ಬಿಗಿದು ಅದರ ಮೇಲೆ ಜಾರುತ್ತಾರೆ. ಸೋನ್ಯಾಳ ಕಾಲದ ಸ್ಪರ್ಧೆಗಳಲ್ಲಿ ಎರಡು ಭಾಗಗಳಿದ್ದುವು. ಮೊದಲನೆಯದರಲ್ಲಿ ಒಂದೇ ಕಾಲ ಮೇಲೆ ನಿಂತು ಎಂಟರ ಇಂಗ್ಲಿಷ್ ಅಂಕಿಯನ್ನು ಹೋಲುವ ವೃತ್ತಗಳನ್ನು ಅಲಗಿನಿಂದ ಮಂಜುಗಡ್ಡೆಯ ಮೇಲೆ ಬರೆಯಬೇಕು. ಅದೇ ಗೆರೆಯ ಮೇಲೆ ಪುನಃ ಪುನಃ ತಿದ್ದಬೇಕು. ತೀರ್ಪುಗಾರರು ಬಗ್ಗಿ ನಿಂತು ಆ ಗೆರೆಗಳನ್ನು ಪರೀಕ್ಷಿಸುವರು. ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದುವ ಕೆಲಸದಂತಿದ್ದ ಈ ಭಾಗಕ್ಕೆ ನೂರರಲ್ಲಿ 60 ಅಂಶದ ಬೆಲೆಯಿತ್ತು. ಎರಡನೆಯದು ಸಂಗೀತಕ್ಕೆ ಹೊಂದಿಕೊಂಡು ಹಾರುತ್ತಲೂ ಬುಗುರಿಯಂತೆ ತಿರುಗುತ್ತಲೂ ಮಾಡುವ ಸ್ವತಂತ್ರ ಜಾರಾಟ, ಇದಕ್ಕೆ 40. ನೋಡುವವರು ಚಪ್ಪಾಳೆ ತಟ್ಟುವುದು ಎರಡನೆಯದಕ್ಕೆ. ಗೆಲುವು ನಿಂತಿದ್ದುದು ಬಹುಮಟ್ಟಿಗೆ ಮೊದಲನೆಯದರ ಮೇಲೆ. ಯಾರೂ ಮೆಚ್ಚಿ ಕೂಗದ ಆ ಗೆರೆಗಳನ್ನು ವರ್ಷಗಟ್ಟಲೆ ತಿದ್ದುವ ತಾಳ್ಮೆಯುಳ್ಳವಳಿಗೇ ಆ ಕಾಲದಲ್ಲಿ ಜಯವು ದೊರಕುತ್ತಿತ್ತು. 1990ರ ತರುವಾಯ ಲೋಕದ ಸ್ಪರ್ಧೆಗಳಿಂದ ಈ ಭಾಗವನ್ನು ತೆಗೆದುಬಿಟ್ಟರು.

ಸೋನ್ಯಾ 1912ನೆಯ ಇಸವಿ ಎಪ್ರಿಲ್ 8ನೆಯ ತಾರೀಕಿನಂದು ನಾರ್ವೆಯ ರಾಜಧಾನಿಯಲ್ಲಿ ಜನಿಸಿದಳು. ಆ ಪಟ್ಟಣಕ್ಕೆ ಆಗ ಕ್ರಿಸ್ತಿಯಾನಿಯಾ ಎಂಬ ಹೆಸರಿತ್ತು; 1925ರಿಂದ ಅದನ್ನು ಓಸ್ಲೊ ಎನ್ನುತ್ತಾರೆ. ತಂದೆಯಾದ ವಿಲ್ಹೆಲ್ಮ್ ಹೇನಿಯು ಪ್ರಾಣಿಗಳ ತುಪ್ಪಳಿನ ಉಡುಪುಗಳನ್ನು ಮಾರುವ ಧನಿಕ ವರ್ತಕನು. ಯೌವನದಲ್ಲಿ ಬೈಸಿಕಲ್ ಪಂದ್ಯದಲ್ಲಿ ಲೋಕಕ್ಕೆ ಮೊದಲನೆಯವನೆಂಬ ಬಿರುದನ್ನು ಪಡೆದವನು. ತಾಯಿ ಸೆಲ್ಮಾ, ಅಣ್ಣ ಲೀಫ್. ಐದಾರು ವರ್ಷ ಪ್ರಾಯದಲ್ಲಿಯೇ ಸೋನ್ಯಾ ಅಣ್ಣನ ಹಿಂದೆ ಮಂಜುಗಡ್ಡೆಗಿಳಿದಳು. ಮಗಳಲ್ಲಿ ಬಲವೂ ಹಟವೂ ಇರುವುದನ್ನು ಕಂಡ ತಂದೆಯು ಹಣಕ್ಕೆ ಹಿಂದೆಮುಂದೆ ನೋಡದೆ ಒಳ್ಳೊಳ್ಳೆಯ ಶಿಕ್ಷಕರನ್ನು ಗೊತ್ತುಮಾಡಿದನು. ನೃತ್ಯವನ್ನು ಕಲಿಸುವುದಕ್ಕಾಗಿ ರಷ್ಯದ ಪ್ರಸಿದ್ಧ ನರ್ತಕಿ ತಮಾರಾ ಕರ್ಸಾವಿನಾಳನ್ನೇ ಕರೆಯಿಸಿದನೆಂದರೆ ಉಳಿದುದನ್ನು ಊಹಿಸಬಹುದು. ಸ್ಪರ್ಧೆಗಳ ಅಭ್ಯಾಸವು ಬಲವಾದಾಗ ಬಾಲಿಕೆಯ ಶಾಲೆಯ ವಿದ್ಯಾಭ್ಯಾಸವು ನಿಂತುಹೋಯಿತು. ಮನೆಯಲ್ಲಿ ಪಾಠ ಹೇಳುವವರನ್ನು ಇರಿಸಿಕೊಂಡರು. ಶಾಲೆಯ ಹೊತ್ತಗೆಯೊಂದರಲ್ಲಿ ಈ ಸಂಗತಿಯನ್ನು ಬರೆಯುವಾಗ ಲೇಖನಿಯು ಸ್ವಲ್ಪ ತಡೆಯುತ್ತದೆ. ಆದರೂ ನಡೆದುದನ್ನು ಮರೆಮಾಡುವಂತಿಲ್ಲ.

1923ರಲ್ಲಿ, ಇನ್ನೂ ಹತ್ತು ವರ್ಷದ ಹುಡುಗಿಯಾಗಿರುವಾಗಲೇ, ಆಕೆಯು ದೊಡ್ಡ ಸ್ತ್ರೀಯರೊಡನೆ ಸ್ಪರ್ಧಿಸಿ ನಾರ್ವೆ ದೇಶದ ಪ್ರಶಸ್ತಿಯನ್ನು ಗೆದ್ದಳು. ಮರು ವರ್ಷ ಫ್ರಾನ್ಸ್ ದೇಶದ ಶಾಮೊನಿಯಲ್ಲಿ ಮೊದಲನೆಯ ಚಳಿಗಾಲದ ಒಲಿಂಪಿಕ್ ಕೂಟವು ನೆರೆಯಿತು. ಹನ್ನೊಂದು ವರ್ಷದ ಸೋನ್ಯಾಳನ್ನು ಅಲ್ಲಿಗೆ ಕಳುಹಿಸಿದರು. ಸ್ಪರ್ಧೆಯಲ್ಲಿ ಎಂಟು ಮಂದಿ; ಸೋನ್ಯಾ ಎಂಟನೆಯವಳು. ಜಾರಾಟದ ನಡುವೆ ಮುಂದೇನು ಮಾಡಬೇಕೆಂದು ಮರೆತು ಅಂಚಿಗೆ ಓಡಿಬಂದು ಶಿಕ್ಷಕರನ್ನು ಕೇಳಿ ಹೋಗುತ್ತಿದ್ದಳೆಂದು ಹೇಳುತ್ತಾರೆ. ಗೆದ್ದವಳು ಆಸ್ಟ್ರಿಯಾದ ಹೆರ್ಮಾ ಸಾಬೊ ಎಂಬ ಪ್ರೌಢೆ. 1922ರಿಂದ 1926ರ ಪರ್ಯಂತರ ಐದು ಬಾರಿ ಲೋಕದ ಪ್ರಶಸ್ತಿಯೂ ಆಕೆಯದೇ. ಆ ದಿನ ಅಲ್ಲಿ ನೋಡುತ್ತಿದ್ದವರಲ್ಲಿ ಎಷ್ಟು ಮಂದಿ ಕೊನೆಯ ಹುಡುಗಿಯ ಮೇಲೆ ಕಣ್ಣಿಟ್ಟಿರಬಹುದು? ಇಷಯನ ಮನೆಗೆ ಬಂದ ಸಮುವೇಲನೂ ಮೊದಲು ಎತ್ತರವಾದ ಹಿರಿಮಗನ ಕಡೆಗೇ ನೋಡಿದನಷ್ಟೆ. ಕುರಿ ಕಾಯುತ್ತಿದ್ದ ಕಿರಿಯವನನ್ನು ಕರೆಯಬೇಕೆಂದು ಅಲ್ಲಿ ಯಾರಿಗೂ ತೋಚಿರಲಿಲ್ಲ.

ಒಂದು ಮಾತನ್ನು ಇಲ್ಲಿ ತಿಳಿಸಬೇಕು. ಆ ಕಾಲದಲ್ಲಿ ಎಳೆಯರಿಗೆ ಬೇರೆ ಲೋಕಸ್ಪರ್ಧೆ ಎಂಬುದು ಇರಲಿಲ್ಲ. ಎಳೆಯರ ಲೋಕಸ್ಪರ್ಧೆಯು ಪ್ರಾರಂಭವಾದದ್ದು 1976ರಲ್ಲಿ. ಆದುದರಿಂದ ಹನ್ನೊಂದರ ಬಾಲಿಕೆಯು ಇಪ್ಪತ್ತು ಇಪ್ಪತ್ತೈದರ ಸ್ತ್ರೀಯರ ಪಕ್ಕದಲ್ಲಿಯೇ ನಿಂತು ಅಳೆಯಲ್ಪಡುತ್ತಿದ್ದಳು. ಎಂಟನೆಯ ಸ್ಥಾನವೆಂದರೆ ತನ್ನ ವಯಸ್ಸಿನವರಲ್ಲಿ ಹಿಂದಾದಳೆಂದು ಅರ್ಥವಲ್ಲ. ಆಕೆಯ ವಯಸ್ಸಿನವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅದೇ 1924ರ ಲೋಕಸ್ಪರ್ಧೆಯಲ್ಲಿ ಆಕೆಯು ಐದನೆಯವಳು. 1926ರಲ್ಲಿ ಸಾಬೊಳ ಹಿಂದೆ ಎರಡನೆಯವಳು. ಸ್ಥಾನವೊಂದನ್ನೇ ನೋಡದೆ ಏರುವ ವೇಗವನ್ನು ನೋಡುವವನಿಗೆ ಮುಂದಿನದು ಆಗಲೇ ಕಾಣುತ್ತಿತ್ತು.

1927ರಲ್ಲಿ ಲೋಕಸ್ಪರ್ಧೆಯು ಓಸ್ಲೊ ನಗರದಲ್ಲಿಯೇ ನಡೆಯಿತು. ಹದಿನಾಲ್ಕು ವರ್ಷದ ಸೋನ್ಯಾ ಸಾಬೊಳನ್ನು ಸೋಲಿಸಿದಳು. ಆದರೆ ಈ ಜಯಕ್ಕೆ ಕಲೆ ಹತ್ತದೆ ಉಳಿಯಲಿಲ್ಲ. ತೀರ್ಪುಗಾರರು ಐವರು, ಅವರಲ್ಲಿ ಮೂವರು ನಾರ್ವೆಯವರು. ಆ ಮೂವರೂ ಸೋನ್ಯಾಳನ್ನು ಮೊದಲನೆಯವಳೆಂದರು. ಆಸ್ಟ್ರಿಯಾದವನೂ ಜರ್ಮನಿಯವನೂ ಸಾಬೊಳನ್ನು ಮೊದಲನೆಯವಳೆಂದರು. ಸಾಬೊ ಮನನೊಂದು ಒಬ್ಬಂಟಿ ಸ್ಪರ್ಧೆಯನ್ನು ಬಿಟ್ಟುಬಿಟ್ಟಳು. ಒಂದೊಂದು ದೇಶಕ್ಕೆ ಒಬ್ಬನೇ ತೀರ್ಪುಗಾರನಿರಬೇಕೆಂಬ ನಿಯಮವು ಇದರ ತರುವಾಯ ಬಂತು. ಬಾಲಿಕೆಯಲ್ಲಿ ಇದರ ಅಪರಾಧವೇನೂ ಇರಲಿಲ್ಲ. ಆದರೂ ಮೊದಲ ಕಿರೀಟವು ಸಂಶಯದೊಂದಿಗೆ ಬಂದರೆ ಅದನ್ನು ಹೊತ್ತವಳು ತನ್ನ ಯೋಗ್ಯತೆಯನ್ನು ವರ್ಷವರ್ಷವೂ ತೋರಿಸಬೇಕಾಗುತ್ತದೆ. ಸೋನ್ಯಾ ಹಾಗೆಯೇ ತೋರಿಸಿದಳು. 1927ರಿಂದ 1936ರ ವರೆಗೆ ಹತ್ತು ಲೋಕಪ್ರಶಸ್ತಿಗಳು ಎಡೆಬಿಡದೆ ಆಕೆಯವಾದುವು. 1931ರಿಂದ 1936ರ ವರೆಗೆ ಯುರೋಪು ಖಂಡದ ಆರು ಪ್ರಶಸ್ತಿಗಳು. ಒಲಿಂಪಿಕ್ ಸ್ವರ್ಣಪದಕಗಳು ಮೂರು: 1928ರಲ್ಲಿ ಸೇಂಟ್ ಮೊರಿಟ್ಸಿನಲ್ಲಿ, 1932ರಲ್ಲಿ ಅಮೇರಿಕದ ಲೇಕ್ ಪ್ಲ್ಯಾಸಿಡಿನಲ್ಲಿ, 1936ರಲ್ಲಿ ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಖೆನಿನಲ್ಲಿ. ಸೇಂಟ್ ಮೊರಿಟ್ಸಿನಲ್ಲಿ ಗೆದ್ದಾಗ ಆಕೆಗೆ ಹದಿನೈದು ವರ್ಷ. ಅಷ್ಟು ಕಿರಿಯ ಪ್ರಾಯದಲ್ಲಿ ಈ ಪದಕವನ್ನು ಗೆದ್ದವಳು ಮುಂದಿನ 70 ವರ್ಷ ಬೇರೊಬ್ಬಳಿರಲಿಲ್ಲ. 1998ರಲ್ಲಿ ಅಮೇರಿಕದ ತಾರಾ ಲಿಪಿನ್‌ಸ್ಕಿಯು ಕೆಲವೇ ವಾರಗಳ ಅಂತರದಿಂದ ಅದನ್ನು ಮೀರಿದಳು.

ಆಕೆಯ ಹಿರಿಮೆಯು ಗೆಲುವಿನಲ್ಲಿ ಮಾತ್ರ ಇದ್ದುದಲ್ಲ. ಅನ್ನಾ ಪಾವ್ಲೊವಾ ಎಂಬ ನರ್ತಕಿಯ ನೃತ್ಯವನ್ನು ಕಂಡು ಮನಸೋತ ಸೋನ್ಯಾ, ಬಿಡಿಬಿಡಿಯಾಗಿದ್ದ ಹಾರುವಿಕೆ ತಿರುಗುವಿಕೆಗಳನ್ನು ಒಂದು ನೃತ್ಯದ ಹಾಗೆ ಜೋಡಿಸಿದಳು. ಉಡುಪಿನ ವಿಷಯವೂ ಹಾಗೆಯೇ. ಅದುವರೆಗೆ ಸ್ತ್ರೀಯರು ಉದ್ದವಾದ ಲಂಗಗಳನ್ನೂ ಕಪ್ಪು ಬೂಟುಗಳನ್ನೂ ತೊಟ್ಟು ಜಾರುತ್ತಿದ್ದರು. ಸೋನ್ಯಾ ಚಿಕ್ಕ ಹುಡುಗಿಯಾದುದರಿಂದ ಮೊಣಕಾಲ ವರೆಗಿನ ಲಂಗವನ್ನು ತೊಟ್ಟು ಬಂದಳು. ಮಗುವಿನ ಉಡುಪೆಂದು ಯಾರೂ ಆಕ್ಷೇಪಿಸಲಿಲ್ಲ. ಕಾಲುಗಳಿಗೆ ತಡೆಯಿಲ್ಲದ್ದರಿಂದ ಹಾರುವುದು ಸುಲಭವಾಯಿತು. ಕೆಲವು ವರ್ಷಗಳಲ್ಲಿ ದೊಡ್ಡವರೆಲ್ಲರೂ ಆ ಉಡುಪನ್ನೂ ಆಕೆಯ ಬಿಳಿ ಬೂಟುಗಳನ್ನೂ ಅನುಸರಿಸಿದರು. ಕಿರಿಯರು ಹಿರಿಯರಿಂದ ಕಲಿಯುವುದು ಲೋಕದ ರೂಢಿ. ಇಲ್ಲಿ ಮಾತ್ರ ಹಿರಿಯರು ಒಂದು ಮಗುವಿನ ಲಂಗದಿಂದ ಕಲಿತರು.

1928ರಲ್ಲಿ ಲಂಡನಿನಲ್ಲಿ ನಡೆದ ಲೋಕಸ್ಪರ್ಧೆಯನ್ನು ನೋಡಿದವರಲ್ಲಿ ಸಿಸಿಲಿಯಾ ಕಾಲೆಜ್ ಎಂಬ ಏಳು ವರ್ಷದ ಬಾಲಿಕೆಯಿದ್ದಳು. ಸೋನ್ಯಾಳನ್ನು ಕಂಡ ಮೇಲೆ ಆ ಬಾಲಿಕೆಗೆ ಬೇರೆ ಯಾವ ಆಟವೂ ರುಚಿಸಲಿಲ್ಲ. ನಾಲ್ಕು ವರ್ಷದೊಳಗೆ, 1932ರ ಲೇಕ್ ಪ್ಲ್ಯಾಸಿಡ್ ಕೂಟದಲ್ಲಿ, ಆಕೆಯು ಸೋನ್ಯಾಳ ಜೊತೆಯಲ್ಲಿಯೇ ಸ್ಪರ್ಧಿಸಿದಳು. ಆಗ ಆಕೆಗೂ ಹನ್ನೊಂದೇ ವರ್ಷ. ಅದೇ ಇಂಗ್ಲೆಂಡಿನಿಂದ ಮೆಗನ್ ಟೇಲರ್ ಎಂಬ ಮತ್ತೊಬ್ಬ ಹನ್ನೊಂದರ ಬಾಲಿಕೆಯೂ ಬಂದಿದ್ದಳು. ಆಕೆಯ ತಂದೆಯು ಮರಗಾಲು ಕಟ್ಟಿಕೊಂಡು ಹಿಮದ ಮೇಲೆ ಜಾರಿ ಜನರನ್ನು ಬೆರಗುಗೊಳಿಸುತ್ತಿದ್ದ ಕಸಬುದಾರನು. ಹದಿನೈದು ಮಂದಿಯಲ್ಲಿ ಮೆಗನ್ ಏಳನೆಯವಳು, ಸಿಸಿಲಿಯಾ ಎಂಟನೆಯವಳು. ಸೋನ್ಯಾ ಅದೇ ಪ್ರಾಯದಲ್ಲಿ ಎಂಟು ಮಂದಿಯಲ್ಲಿ ಎಂಟನೆಯವಳಾಗಿದ್ದಳು. ಕಾಗದದ ಮೇಲಿನ ಲೆಕ್ಕದಂತೆ ಈ ಇಬ್ಬರೂ ಆಕೆಗಿಂತ ಮುಂದಿದ್ದರು. ಇಂಗ್ಲೆಂಡಿನವರು ಇಬ್ಬರನ್ನೂ ತೂಗಿ ತೂಗಿ ನೋಡಿ, ಸೋನ್ಯಾಳ ಕಿರೀಟವು ಯಾರ ತಲೆಗೆ ಬರುವುದೆಂದು ಎಣಿಸತೊಡಗಿದರು.

ಆ ಎಣಿಕೆಯು ಸುಳ್ಳಾಗಲಿಲ್ಲ, ಪೂರ್ಣವಾಗಿ ನಿಜವೂ ಆಗಲಿಲ್ಲ. 1934ರ ಲೋಕಸ್ಪರ್ಧೆಯಲ್ಲಿ ಮೆಗನ್ ಎರಡನೆಯವಳು. 1935ರಲ್ಲಿ ಸಿಸಿಲಿಯಾ ಎರಡನೆಯವಳು. 1936ರ ಯುರೋಪು ಸ್ಪರ್ಧೆಯಲ್ಲಿ ಸಿಸಿಲಿಯಾ ಗಾಳಿಯಲ್ಲಿ ಎರಡು ಸುತ್ತು ತಿರುಗಿ ಇಳಿದಳು. ಸ್ಪರ್ಧೆಯಲ್ಲಿ ಇದನ್ನು ಮಾಡಿದ ಮೊದಲನೆಯ ಸ್ತ್ರೀಯು ಆಕೆಯೇ. ಅದೇ ವರ್ಷದ ಒಲಿಂಪಿಕ್ ಕೂಟದಲ್ಲಿ ಗೆರೆ ಬರೆಯುವ ಭಾಗವು ಮುಗಿದಾಗ ಸೋನ್ಯಾಳಿಗೂ ಸಿಸಿಲಿಯಾಳಿಗೂ ಇದ್ದ ಅಂತರವು ಬಹಳ ಕಡಿಮೆ. ಸೋನ್ಯಾ ಕೋಪಗೊಂಡಳೆಂದೂ ಹೇಳುತ್ತಾರೆ. ಕೊನೆಗೆ ಸೋನ್ಯಾಳಿಗೆ 424.5, ಸಿಸಿಲಿಯಾಳಿಗೆ 418.1. ಹದಿನೈದು ವರ್ಷದ ಹುಡುಗಿಯೊಬ್ಬಳು ಹತ್ತು ವರ್ಷದ ರಾಣಿಯ ನೆರಳನ್ನು ಮೆಟ್ಟುವಷ್ಟು ಹತ್ತಿರಕ್ಕೆ ಬಂದಿದ್ದಳು. ಆ ವರ್ಷದ ಲೋಕಪ್ರಶಸ್ತಿಯನ್ನೂ ಗೆದ್ದು ಸೋನ್ಯಾ ಸ್ಪರ್ಧೆಯನ್ನು ಬಿಟ್ಟಳು. ಇನ್ನೊಂದು ವರ್ಷ ನಿಂತಿದ್ದರೆ ಏನಾಗುತ್ತಿತ್ತೋ! ತಕ್ಕ ಸಮಯಕ್ಕೆ ಎದ್ದುಹೋಗುವುದೂ ಒಂದು ಜಾಣತನ. ಅದು ಸೋನ್ಯಾಳಿಗೆ ಚೆನ್ನಾಗಿ ತಿಳಿದಿತ್ತು.

ಅದೇ ದಿನಗಳ ಮತ್ತೊಂದು ಸಂಗತಿಯನ್ನು ಬಿಟ್ಟು ಈ ಚರಿತ್ರೆಯನ್ನು ಬರೆಯಲಾಗದು. ಒಲಿಂಪಿಕ್ ಕೂಟಕ್ಕೆ ಮುಂಚೆ ಬರ್ಲಿನಿನಲ್ಲಿ ಪ್ರದರ್ಶನವನ್ನು ಕೊಟ್ಟಾಗ ಸೋನ್ಯಾ ಹಿಟ್ಲರನಿಗೆ ಕೈಯೆತ್ತಿ ನಾಜೀ ವಂದನೆಯನ್ನು ಮಾಡಿದಳು. ನಾರ್ವೆಯ ಪತ್ರಿಕೆಗಳು ಆಕೆಯನ್ನು ಬಲವಾಗಿ ಖಂಡಿಸಿದುವು. ಕೂಟವು ಮುಗಿದ ಮೇಲೆ ಆಕೆಯು ಆತನ ಅತಿಥಿಯಾಗಿ ಊಟಕ್ಕೆ ಹೋದಳು. ಆತನ ಹಸ್ತಾಕ್ಷರವುಳ್ಳ ಭಾವಚಿತ್ರವನ್ನು ಸ್ವೀಕರಿಸಿದಳು. 1940ರ ಎಪ್ರಿಲಿನಲ್ಲಿ ಜರ್ಮನ್ ಸೈನ್ಯವು ನಾರ್ವೆಯನ್ನು ಹಿಡಿದಾಗ, ಆ ಭಾವಚಿತ್ರವನ್ನು ಕಾಣುವಂತೆ ಇರಿಸಿದ್ದರಿಂದ ಆಕೆಯ ಮನೆಗೆ ಕೇಡು ಬರಲಿಲ್ಲವೆಂದು ಹೇಳುತ್ತಾರೆ. ಐದು ವರ್ಷದ ಆ ಕಷ್ಟಕಾಲದಲ್ಲಿ ದೇಶದ ಬಿಡುಗಡೆಗಾಗಿ ಹೋರಾಡುತ್ತಿದ್ದವರ ಪಕ್ಷವಾಗಿ ಆಕೆಯು ಬಹಿರಂಗವಾಗಿ ನಿಲ್ಲಲಿಲ್ಲವೆಂಬ ದುಃಖವು ಅವಳ ಜನರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ರಾಜಕೀಯವನ್ನರಿಯದ ಹುಡುಗಿ ಎಂದು ಕೆಲವರು ಆಕೆಯನ್ನು ಸಮರ್ಥಿಸಿದ್ದುಂಟು. ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದವಳಿಗೆ ಆ ಮಾತು ಒಪ್ಪುವುದು ಕಷ್ಟ. ಮಂಜುಗಡ್ಡೆಯ ಮೇಲೆ ಹೆಜ್ಜೆ ತಪ್ಪದವಳು ಇಲ್ಲಿ ತಪ್ಪಿದಳೆಂದೇ ಹೇಳಬೇಕಾಗುತ್ತದೆ.

ಸ್ಪರ್ಧೆಯನ್ನು ಬಿಟ್ಟ ಸೋನ್ಯಾ ಅಮೇರಿಕಕ್ಕೆ ಹೋಗಿ ಪ್ರದರ್ಶನಗಳಿಂದಲೂ ಚಲಚ್ಚಿತ್ರಗಳಿಂದಲೂ ಅಪಾರ ಹಣವನ್ನು ಸಂಪಾದಿಸಿದಳು. 1936ರಲ್ಲಿ ಆಕೆಯ ಮೊದಲನೆಯ ಇಂಗ್ಲಿಷ್ ಚಿತ್ರವು ಹೊರಬಿತ್ತು. ಒಂದೆರಡು ವರ್ಷಗಳಲ್ಲಿಯೇ ಅಮೇರಿಕದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಸೆಳೆಯುವ ಮೊದಲ ಹತ್ತು ನಟನಟಿಯರಲ್ಲಿ ಆಕೆಯೂ ಒಬ್ಬಳಾದಳು. 1937ರಲ್ಲಿ ತಂದೆಯು ತೀರಿಕೊಂಡನು. 1941ರಲ್ಲಿ ಆಕೆಯು ಅಮೇರಿಕದ ಪ್ರಜೆಯಾದಳು. ಅಭಿನಯದಲ್ಲಿ ಆಕೆಗೆ ಹೆಚ್ಚಿನ ಶಕ್ತಿ ಇರಲಿಲ್ಲ. ಜನರು ಹೋಗುತ್ತಿದ್ದುದು ಜಾರಾಟವನ್ನು ನೋಡುವುದಕ್ಕೆ. ಹಿಮವನ್ನೇ ಕಾಣದ ಊರುಗಳ ಹೆಣ್ಣುಮಕ್ಕಳಿಗೂ ಈ ವಿದ್ಯೆಯ ಪರಿಚಯವಾದುದು ಆ ಚಿತ್ರಗಳಿಂದಲೇ.

ಇತ್ತ ಕಿರೀಟವು ತೆರವಾದಾಗ 1937ರ ಲೋಕಪ್ರಶಸ್ತಿಯನ್ನು ಸಿಸಿಲಿಯಾ ಗೆದ್ದಳು, ಮೆಗನ್ ಎರಡನೆಯವಳು, 1938ರಲ್ಲಿ ಮೆಗನ್ ಗೆದ್ದಳು, ಸಿಸಿಲಿಯಾ ಎರಡನೆಯವಳು, 1939ರಲ್ಲಿಯೂ ಮೆಗನ್. ಮುಂದಿನ ಒಲಿಂಪಿಕ್ ಕೂಟವು 1940ರಲ್ಲಿ ನಡೆಯಬೇಕಾಗಿತ್ತು. ಆಗ ಇಬ್ಬರಿಗೂ ಹತ್ತೊಂಬತ್ತು ವರ್ಷ. ಬಲವೂ ಅನುಭವವೂ ಒಂದಾಗಿ ಕೂಡುವ ಪ್ರಾಯ. ಆದರೆ 1939ರ ಸೆಪ್ಟೆಂಬರಿನಲ್ಲಿ ಯುದ್ಧವು ಹೊತ್ತಿಕೊಂಡಿತು. 1940ರ ಕೂಟವೂ ಇಲ್ಲ, 1944ರದೂ ಇಲ್ಲ. ಲೋಕಸ್ಪರ್ಧೆಗಳು 1947ರ ವರೆಗೆ ನಿಂತುಹೋದುವು. ಹನ್ನೊಂದರಲ್ಲಿ ಸೋನ್ಯಾಳಿಗಿಂತ ಮುಂದಿದ್ದ ಈ ಇಬ್ಬರ ಕೈಗೂ ಒಲಿಂಪಿಕ್ ಸ್ವರ್ಣಪದಕವು ಸೇರಲಿಲ್ಲ. ಇದಕ್ಕೆ ಅವರ ಕಾಲುಗಳು ಕಾರಣವಲ್ಲ, ಶಿಕ್ಷಕರೂ ಕಾರಣರಲ್ಲ. ಲಂಡನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ ಸಿಸಿಲಿಯಾ ಗಾಯಾಳುಗಳನ್ನು ಒಯ್ಯುವ ಆಂಬ್ಯುಲೆನ್ಸ್ ಗಾಡಿಯನ್ನು ನಡೆಸಿದಳು. ಆಕೆಯ ಅಣ್ಣನು ಯುದ್ಧದಿಂದ ಹಿಂದಿರುಗಲಿಲ್ಲ. ತರುವಾಯ ಆಕೆಯು ಅಮೇರಿಕದ ಬೋಸ್ಟನ್ ನಗರಕ್ಕೆ ಹೋಗಿ ಬಹಳ ವರ್ಷ ಮಕ್ಕಳಿಗೆ ಜಾರಾಟವನ್ನು ಕಲಿಸಿದಳು. 2008ರಲ್ಲಿ, 87 ವರ್ಷದವಳಾಗಿ ತೀರಿಕೊಂಡಳು.

ಸೋನ್ಯಾಳಿಗಿಂತ ಸುಮಾರು ಆರು ತಿಂಗಳು ಹಿರಿಯಳಾದ ಅಮೇರಿಕದ ಮಾರಿಬೆಲ್ ವಿನ್ಸನಳ ಬಾಳು ಬೇರೊಂದು ಬಗೆಯದು. ತನ್ನ ದೇಶದಲ್ಲಿ ಒಂಬತ್ತು ಬಾರಿ ಮೊದಲನೆಯವಳಾಗಿ, 1932ರಲ್ಲಿ ಕಂಚಿನ ಪದಕವನ್ನು ಪಡೆದು, ಸೋನ್ಯಾಳನ್ನು ಒಮ್ಮೆಯೂ ಸೋಲಿಸಲಾರದೆ ಸ್ಪರ್ಧೆಯನ್ನು ಬಿಟ್ಟ ಆಕೆಯು ಶಿಕ್ಷಕಿಯಾದಳು. ಆಕೆಯ ಕೈಕೆಳಗೆ ಕಲಿತ ಟೆನ್ಲಿ ಆಲ್‌ಬ್ರೈಟಳು 1956ರಲ್ಲಿ ಒಲಿಂಪಿಕ್ ಸ್ವರ್ಣಪದಕವನ್ನು ಗೆದ್ದಳು. ಮಾರಿಬೆಲಳ ಸ್ವಂತ ಮಗಳು ಲಾರೆನ್ಸ್ ಓವೆನ್ 1961ರಲ್ಲಿ, ಹದಿನಾರನೆಯ ವರ್ಷದಲ್ಲಿ, ಅಮೇರಿಕಕ್ಕೆ ಮೊದಲನೆಯವಳಾದಳು. ಮುಂದಿನ ರಾಣಿಯು ಇವಳೇ ಎಂದು ಎಲ್ಲರೂ ಎಣಿಸಿದರು. ಆ ಫೆಬ್ರವರಿಯಲ್ಲಿ ಒಂದು ಪ್ರಸಿದ್ಧ ಕ್ರೀಡಾಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರವು ಬಂತು. ಅದೇ ವಾರ, 15ನೆಯ ತಾರೀಕಿನಂದು, ಲೋಕಸ್ಪರ್ಧೆಗೆಂದು ಹೊರಟ ವಿಮಾನವು ಬ್ರಸೆಲ್ಸ್ ನಗರದ ಬಳಿಯಲ್ಲಿ ಬಿದ್ದು ಅದರಲ್ಲಿದ್ದ 72 ಮಂದಿಯೂ ಮಡಿದರು. ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಅಮೇರಿಕದ ಇಡೀ ತಂಡವೂ ಅವರಲ್ಲಿದ್ದರು. ಆ ವರ್ಷದ ಲೋಕಸ್ಪರ್ಧೆಯನ್ನೇ ನಿಲ್ಲಿಸಿದರು.

ಎಳೆಯರ ಸ್ಪರ್ಧೆಯು ಬೇರೆಯಾಗಿ ಏರ್ಪಟ್ಟ ಮೇಲೆ ಹೋಲಿಕೆಯು ಸುಲಭವಾಗಿದೆಯೆಂದು ತೋರಬಹುದು. 2005ರಲ್ಲಿ ಎಳೆಯರ ಲೋಕಪ್ರಶಸ್ತಿಯನ್ನು ಜಪಾನಿನ ಮಾವೊ ಅಸಾದಾ ಗೆದ್ದಳು, ಕೊರಿಯದ ಕಿಮ್ ಯುನಾ ಎರಡನೆಯವಳು. 2006ರಲ್ಲಿ ಕಿಮ್ ಮೊದಲು, ಅಸಾದಾ ಎರಡನೆಯವಳು. ಇಬ್ಬರೂ 1990ರ ಸೆಪ್ಟೆಂಬರಿನಲ್ಲಿಯೇ ಹುಟ್ಟಿದವರು. 2010ರ ಒಲಿಂಪಿಕ್ ಕೂಟದಲ್ಲಿ ಸ್ವರ್ಣಪದಕವು ಕಿಮಳಿಗೂ ಬೆಳ್ಳಿಯ ಪದಕವು ಅಸಾದಾಳಿಗೂ ಬಂತು. ಎಣಿಕೆಯು ಇಷ್ಟು ಸರಿಹೋಗುವುದು ಅಪರೂಪ. ಬಹಳ ಮಂದಿ ಬಾಲಿಕೆಯರು ಮೈ ಬೆಳೆದು ಎತ್ತರವೂ ತೂಕವೂ ಬದಲಾಗುವ ಪ್ರಾಯದಲ್ಲಿ ಹಿಂದೆ ಸುಲಭವಾಗಿ ಹಾರಿದುದನ್ನು ಹಾರಲಾರದೆ ಕಣ್ಣೀರಿಡುತ್ತಾರೆ. ಇದನ್ನರಿತ ಕೆಲವು ಶಿಕ್ಷಕರು ಬೆಳೆಯುವುದಕ್ಕೆ ಮುಂಚೆಯೇ ಮಕ್ಕಳಿಂದ ಗೆಲುವನ್ನು ಕಿತ್ತುಕೊಳ್ಳಲು ಆತುರಪಟ್ಟದ್ದೂ ಉಂಟು. 2022ರ ಬೀಜಿಂಗ್ ಕೂಟದಲ್ಲಿ ಹದಿನೈದು ವರ್ಷದ ಬಾಲಿಕೆಯೊಬ್ಬಳು ನಿಷಿದ್ಧ ಔಷಧದ ಆಪಾದನೆಗೆ ಗುರಿಯಾಗಿ ಲೋಕದ ಕಣ್ಣೆದುರಿನಲ್ಲಿ ಎಡವಿ ಬಿದ್ದುದನ್ನು ಕಂಡ ಮೇಲೆ, ಅದೇ ವರ್ಷ ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು 15ರಿಂದ ಕ್ರಮವಾಗಿ 17ಕ್ಕೆ ಏರಿಸುವುದೆಂದು ಗೊತ್ತುಮಾಡಿದರು. ಈ ನಿಯಮವು ಆಗಿನ ಕಾಲದಲ್ಲಿದ್ದಿದ್ದರೆ ಶಾಮೊನಿಯ ಎಂಟನೆಯ ಸ್ಥಾನವೂ ಸೇಂಟ್ ಮೊರಿಟ್ಸಿನ ಪದಕವೂ ಸೋನ್ಯಾಳಿಗೆ ಇರುತ್ತಿರಲಿಲ್ಲ. ನನ್ನ ಮಟ್ಟಿಗೆ ನಿಯಮವು ಒಳ್ಳೆಯದೇ. ಆಕೆಯು ಎರಡು ವರ್ಷ ಕಾದು ಗೆಲ್ಲುತ್ತಿದ್ದಳು.

ಸೋನ್ಯಾಳ ಉಳಿದ ಬಾಳನ್ನು ಬೇಗನೆ ಹೇಳಬಹುದು. ಎರಡು ಸಾರಿ ಮದುವೆಯಾಗಿ ಎರಡೂ ಮುರಿದುವು. 1950ರಲ್ಲಿ ಹಳೆಯ ಪಾಲುಗಾರನಿಂದ ಬೇರೆಯಾಗಿ ಸ್ವಂತವಾಗಿ ಪ್ರದರ್ಶನಗಳನ್ನು ನಡೆಸತೊಡಗಿದಳು. 1952ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಪ್ರೇಕ್ಷಕರು ಕುಳಿತಿದ್ದ ಅಟ್ಟಣಿಗೆಯು ಕುಸಿದು ಇನ್ನೂರಕ್ಕೂ ಮಿಕ್ಕಿ ಜನರು ಗಾಯಗೊಂಡರು. ಈ ಪೆಟ್ಟಿನಿಂದ ಆಕೆಯ ವ್ಯಾಪಾರವು ಚೇತರಿಸಿಕೊಳ್ಳಲಿಲ್ಲ. ಮದ್ಯಪಾನದ ಚಾಳಿಯೂ ಅಂಟಿಕೊಂಡಿತು. ಆದರೆ 1953ರಲ್ಲಿ ಓಸ್ಲೊ ನಗರದಲ್ಲಿ ಪ್ರದರ್ಶನವನ್ನಿಟ್ಟಾಗ ಮುನಿದಿದ್ದ ಜನರೇ ಕಿಕ್ಕಿರಿದು ಬಂದರು. 1956ರಲ್ಲಿ ತನ್ನ ದೇಶದ ಹಡಗಿನ ಒಡೆಯನಾದ ನೀಲ್ಸ್ ಓನ್‌ಸ್ಟಾಡನನ್ನು ಮದುವೆಯಾದಳು. ದಂಪತಿಗಳು ತಾವು ಕೂಡಿಸಿದ್ದ ಹೊಸ ಬಗೆಯ ಚಿತ್ರಗಳನ್ನೆಲ್ಲಾ ದೇಶಕ್ಕೆ ದಾನಮಾಡಿ, ಓಸ್ಲೊ ಸಮೀಪದ ಹೇವಿಕೋಡನ್ ಎಂಬಲ್ಲಿ ಕಡಲ ದಂಡೆಯಲ್ಲಿ ಅವಕ್ಕಾಗಿ ಒಂದು ಕಲಾಮಂದಿರವನ್ನು ಕಟ್ಟಿಸಿದರು. ಅದು 1968ರಲ್ಲಿ ತೆರೆಯಲ್ಪಟ್ಟಿತು.

ಅಷ್ಟರೊಳಗೆ ಸೋನ್ಯಾಳಿಗೆ ರಕ್ತದ ಕ್ಯಾನ್ಸರು ತಗಲಿತ್ತು. 1969ರ ಅಕ್ಟೋಬರ್ 12ನೆಯ ತಾರೀಕು ಪ್ಯಾರಿಸಿನಿಂದ ಓಸ್ಲೊ ನಗರಕ್ಕೆ ಆಕೆಯನ್ನು ವಿಮಾನದಲ್ಲಿ ಕರೆದೊಯ್ಯುತ್ತಿರುವಾಗ ದಾರಿಯಲ್ಲಿಯೇ ಪ್ರಾಣವು ಹೋಯಿತು. ಆಗ ಆಕೆಗೆ 57 ವರ್ಷ. ಆ ಕಲಾಮಂದಿರವು ಕಾಣುವ ಗುಡ್ಡದ ಮೇಲೆ ಆಕೆಯನ್ನು ಹೂಣಿಟ್ಟರು. ಕೆಳಗಿನ ಮಂದಿರದ ಒಂದು ಕೋಣೆಯಲ್ಲಿ ಆಕೆಯ ಪದಕಗಳನ್ನೂ ಬೆಳ್ಳಿಯ ಬಟ್ಟಲುಗಳನ್ನೂ ಸಾಲಾಗಿ ಇರಿಸಿದ್ದಾರೆ.